ಆಸ್ಪತ್ರೆ ಹಡಗಿನ ಸೇವಾ ಇತಿಹಾಸವನ್ನು ಬರೆಯುವ ಬಗೆ: ‘ಸೊಲೇಸ್’ ಹಡಗಿನ ನಿದರ್ಶನದೊಡನೆ

ಯುದ್ಧನೌಕೆಯೊಂದರ ಇತಿಹಾಸ ಬರೆಯಲು ಹೊರಟವರಿಗೆ ಕದನಗಳೇ ದಾರಿ ತೋರಿಸುತ್ತವೆ. ಯಾವ ಕಾಳಗದಲ್ಲಿ ಅದು ಭಾಗವಹಿಸಿತು, ಯಾವ ಶತ್ರು ಹಡಗನ್ನು ಎದುರಿಸಿತು, ಎಲ್ಲಿ ಪೆಟ್ಟು ತಿಂದಿತು ಎಂಬುದನ್ನು ಕ್ರಮವಾಗಿ ಜೋಡಿಸಿದರೆ ಕಥನದ ಹಂದರ ನಿಲ್ಲುತ್ತದೆ. ಆಸ್ಪತ್ರೆ ಹಡಗಿನ ವಿಷಯದಲ್ಲಿ ಈ ವಿಧಾನ ನೆರವಾಗುವುದಿಲ್ಲ. ಅದು ಕಾದಾಡುವುದಿಲ್ಲ, ಅದರ ಮೇಲೆ ಫಿರಂಗಿಗಳಿರುವುದಿಲ್ಲ, ಮತ್ತು ಅದರ ಕೆಲಸದ ವಿವರಗಳು ಎರಡು ಬೇರೆ ಬೇರೆ ಬಗೆಯ ದಾಖಲೆಗಳಲ್ಲಿ ಹಂಚಿಹೋಗಿರುತ್ತವೆ. ಹಡಗು ಎಂದು ಹೊರಟಿತು, ಎಲ್ಲಿ ಲಂಗರು ಹಾಕಿತು ಎಂಬುದು ಕಪ್ತಾನನ ಕಡೆಯ ಕಾಗದಗಳಲ್ಲಿದ್ದರೆ, ಎಷ್ಟು ಗಾಯಾಳುಗಳನ್ನು ಹತ್ತಿಸಿಕೊಂಡಿತು, ಅವರಿಗೆ ಏನಾಗಿತ್ತು, ಅವರನ್ನು ಎಲ್ಲಿ ಇಳಿಸಿತು ಎಂಬುದು ವೈದ್ಯಾಧಿಕಾರಿಯ ಕಡೆಯ ಕಾಗದಗಳಲ್ಲಿರುತ್ತದೆ. ಇವೆರಡನ್ನೂ ಒಂದೇ ಕಾಲಾನುಕ್ರಮದಲ್ಲಿ ಎದುರುಬದುರಾಗಿ ಇಟ್ಟು ಓದದೆ ಬರೆದದ್ದು ಬಂದರುಗಳ ಪಟ್ಟಿಯಾಗುತ್ತದೆಯೇ ಹೊರತು ಸೇವಾ ಇತಿಹಾಸವಾಗುವುದಿಲ್ಲ. ಈ ಕೆಲಸವನ್ನು ಮಾಡುವ ಕ್ರಮವನ್ನು, 1941ರಿಂದ 1946ರವರೆಗೆ ಅಮೆರಿಕದ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ ‘ಸೊಲೇಸ್’ ಎಂಬ ಆಸ್ಪತ್ರೆ ಹಡಗನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದೆ.

ಮೊದಲು ಹಡಗನ್ನು ಗುರುತಿಸಿಕೊಳ್ಳಿ

ಹೆಸರೊಂದನ್ನೇ ನಂಬಿ ಹುಡುಕಾಟ ಆರಂಭಿಸಬಾರದು. ನೌಕಾಪಡೆಗಳು ಹಳೆಯ ಹಡಗಿನ ಹೆಸರನ್ನು ಹೊಸ ಹಡಗಿಗೆ ಮತ್ತೆ ಮತ್ತೆ ಇಡುತ್ತವೆ. ಆಸ್ಪತ್ರೆ ಹಡಗುಗಳಲ್ಲಿ ಸಾಂತ್ವನ, ಕರುಣೆ, ನೆಮ್ಮದಿ ಎಂಬರ್ಥದ ಹೆಸರುಗಳು ಕೆಲವೇ ಇರುವುದರಿಂದ ಈ ಪುನರಾವರ್ತನೆ ಇನ್ನೂ ಹೆಚ್ಚು. ಅಮೆರಿಕದ ನೌಕಾಪಡೆಯಲ್ಲಿ ‘ಸೊಲೇಸ್’ ಎಂಬ ಎರಡು ಆಸ್ಪತ್ರೆ ಹಡಗುಗಳಿದ್ದವು. ಮೊದಲನೆಯದು ‘ಕ್ರಿಯೋಲ್’ ಎಂಬ ಪ್ರಯಾಣಿಕರ ಹಡಗಾಗಿದ್ದು, 1898ರ ಸ್ಪೇನ್–ಅಮೆರಿಕ ಯುದ್ಧದ ಸಂದರ್ಭದಲ್ಲಿ ಖರೀದಿಯಾಗಿ ಆಸ್ಪತ್ರೆ ಹಡಗಾಯಿತು; ಅಮೆರಿಕದ ನೌಕಾಪಡೆಯಲ್ಲಿ ಜಿನೀವಾ ಒಪ್ಪಂದದ ರೆಡ್ ಕ್ರಾಸ್ ಧ್ವಜವನ್ನು ಮೊದಲು ಹಾರಿಸಿದ್ದು ಅದೇ. ಎರಡನೆಯದು ನಮ್ಮ ಹಡಗು. ಇವುಗಳನ್ನು ಬೇರ್ಪಡಿಸುವುದು ನೌಕಾಪಡೆ ಕೊಡುವ ಸಂಖ್ಯೆ: ಹಳೆಯದು ಎಎಚ್-2, ಹೊಸದು ಎಎಚ್-5. ಟಿಪ್ಪಣಿ ಮಾಡುವಾಗ ಪ್ರತಿ ಹಾಳೆಯ ಮೇಲೂ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಭಾವಚಿತ್ರ ಸಂಗ್ರಹಗಳಲ್ಲಿ ಎರಡೂ ಹಡಗುಗಳ ಚಿತ್ರಗಳು ಒಂದೇ ಹೆಸರಿನಡಿ ಬೆರೆತಿರುವ ಸಂಭವವಿದೆ.

ಸಂಖ್ಯೆ ಸಿಕ್ಕ ಮೇಲೆ ಹಡಗು ಹೊತ್ತ ಎಲ್ಲ ಹೆಸರುಗಳನ್ನೂ ಪಟ್ಟಿ ಮಾಡಬೇಕು. ಎಎಚ್-5 ಹುಟ್ಟಿದ್ದು 1927ರಲ್ಲಿ, ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯಲ್ಲಿ, ಕ್ಲೈಡ್ ಲೈನ್ ಕಂಪನಿಯ ‘ಇರೊಕ್ವಾ’ ಎಂಬ ಪ್ರಯಾಣಿಕರ ಹಡಗಾಗಿ. 1939ರ ಅಕ್ಟೋಬರಿನಲ್ಲಿ ಯುರೋಪಿನಿಂದ ಅಮೆರಿಕನ್ನರನ್ನು ಊರಿಗೆ ಕರೆತರುತ್ತಿದ್ದ ಈ ‘ಇರೊಕ್ವಾ’ ದಾರಿಯಲ್ಲಿ ಮುಳುಗಲಿದೆ ಎಂದು ಜರ್ಮನ್ ನೌಕಾಪಡೆಯ ಮುಖ್ಯಸ್ಥ ರೇಡರ್ ಎಚ್ಚರಿಕೆ ಕಳುಹಿಸಿದ್ದರಿಂದ, ಬೆಂಗಾವಲು ಹಡಗುಗಳು ಹೋಗಿ ಅದನ್ನು ನ್ಯೂಯಾರ್ಕಿಗೆ ಸುರಕ್ಷಿತವಾಗಿ ತಂದವು. 1941ರಿಂದ ಕಥೆ ಆರಂಭಿಸಿದವರಿಗೆ ಈ ಅಧ್ಯಾಯ ಕಾಣುವುದೇ ಇಲ್ಲ.

ಭಾರತದ ಮಟ್ಟಿಗೂ ಇಂಥ ಒಂದು ಹಡಗಿದೆ. ಕೆನೆಡಿಯನ್ ಪೆಸಿಫಿಕ್ ಕಂಪನಿಯ ‘ಎಂಪ್ರೆಸ್ ಆಫ್ ಇಂಡಿಯಾ’ವನ್ನು ಮೊದಲ ಮಹಾಯುದ್ಧದ ಆರಂಭದಲ್ಲಿ ಗ್ವಾಲಿಯರಿನ ಮಹಾರಾಜರು ಕೊಂಡು, ಭಾರತೀಯ ಸೈನಿಕರಿಗಾಗಿ ‘ಲಾಯಲ್ಟಿ’ ಎಂಬ ಆಸ್ಪತ್ರೆ ಹಡಗನ್ನಾಗಿ ಮಾಡಿಸಿದರು. ಯುದ್ಧ ಮುಗಿದ ಮೇಲೆ ಅದು ಸಿಂಧಿಯಾ ಎಂಬ ಭಾರತೀಯ ಹಡಗು ಕಂಪನಿಯ ಪಾಲಾಯಿತು. 1919ರ ಏಪ್ರಿಲ್ 5ರಂದು ಅದು ಮುಂಬಯಿಯಿಂದ ಇಂಗ್ಲೆಂಡಿನತ್ತ ಹೊರಟ ದಿನವನ್ನೇ ನಾವು ಇಂದಿಗೂ ರಾಷ್ಟ್ರೀಯ ಕಡಲಯಾನ ದಿನವಾಗಿ ಆಚರಿಸುತ್ತೇವೆ. ಆ ಹಡಗು ಅದಕ್ಕೂ ಮುನ್ನ ಗಾಯಾಳುಗಳನ್ನು ಹೊತ್ತಿತ್ತೆಂಬುದು ಆಚರಣೆಯ ಭಾಷಣಗಳಲ್ಲಿ ಅಪರೂಪಕ್ಕೆ ಕೇಳಿಬರುತ್ತದೆ. ಹೆಚ್ಚಾಗಿ ಕೇಳಿಬರಬೇಕೆಂಬುದು ನನ್ನ ಆಸೆ.

ಸೇವೆಗೆ ಸೇರಿದ ದಿನ ಯಾವುದು?

ಹಡಗೊಂದು ನೌಕಾಪಡೆಯ ಕೈಸೇರಿದ ದಿನವೂ ಸೇವೆಗೆ ಸೇರ್ಪಡೆಯಾದ ದಿನವೂ ಒಂದೇ ಅಲ್ಲ. ‘ಇರೊಕ್ವಾ’ವನ್ನು ನೌಕಾಪಡೆ ವಶಕ್ಕೆ ಪಡೆದದ್ದು 1940ರ ಜುಲೈ 22ರಂದು. ಬ್ರೂಕ್ಲಿನ್‌ನ ಹಡಗುಕಟ್ಟೆಯಲ್ಲಿ ಪರಿವರ್ತನೆಯ ಕೆಲಸ ನಡೆದು, ಕ್ಯಾಪ್ಟನ್ ಬೆಂಜಮಿನ್ ಪರ್ಲ್‌ಮನ್ ಅವರ ನಾಯಕತ್ವದಲ್ಲಿ ಅದು ‘ಸೊಲೇಸ್’ ಆಗಿ ಸೇವೆಗೆ ಸೇರಿದ್ದು 1941ರ ಆಗಸ್ಟ್ 9ರಂದು. ನಡುವಿನ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯನ್ನು ‘ಪರಿವರ್ತನೆ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವ ಬರಹಗಾರರಿದ್ದಾರೆ. ಹಾಗೆ ಮಾಡಬಾರದು, ಪ್ರಯಾಣಿಕರ ಕೊಠಡಿಗಳು ವಾರ್ಡುಗಳಾಗುವ, ಶಸ್ತ್ರಚಿಕಿತ್ಸಾ ಕೊಠಡಿ, ಎಕ್ಸ್‌ರೇ ಘಟಕ ಮತ್ತು ಪ್ರಯೋಗಾಲಯಗಳು ಒಳಸೇರುವ, ಸ್ಟ್ರೆಚರನ್ನು ತಿರುಗಿಸಲು ಸಾಲುವಷ್ಟು ಹಾದಿಗಳು ತೆರೆದುಕೊಳ್ಳುವ ಆ ಹಂತವೇ ಮುಂದಿನ ಎಲ್ಲ ಕೆಲಸದ ಮಿತಿಯನ್ನು ನಿರ್ಧರಿಸುತ್ತದೆ. ಹೋಲಿಕೆಗೆ ‘ರಿಲೀಫ್’, ಅಂದರೆ ಎಎಚ್-1 ಹಡಗನ್ನು ನೋಡಬಹುದು. 1920ರ ಡಿಸೆಂಬರಿನಲ್ಲಿ ಸೇವೆಗೆ ಸೇರಿದ ಅದು ಅಡಿಪಾಯದಿಂದಲೇ ಆಸ್ಪತ್ರೆಗೆಂದು ವಿನ್ಯಾಸಗೊಂಡು ನಿರ್ಮಾಣವಾದ ಅಮೆರಿಕದ ಮೊದಲ ನೌಕಾ ಹಡಗು. ನೀವು ಆರಿಸಿಕೊಂಡ ಹಡಗು ಹೀಗೆ ಆಸ್ಪತ್ರೆಯಾಗಿಯೇ ಹುಟ್ಟಿದ್ದೋ ಮಾರ್ಪಟ್ಟದ್ದೋ ಎಂಬುದನ್ನು ಮೊದಲ ಪುಟದಲ್ಲೇ ಹೇಳಿ.

ಬಿಳಿ ಬಣ್ಣದ ಹಿಂದಿನ ಕಾನೂನು

ಆಸ್ಪತ್ರೆ ಹಡಗಿಗೆ ಸಿಗುವ ರಕ್ಷಣೆ ಯಾರೋ ತೋರಿದ ಸೌಜನ್ಯವಲ್ಲ. ಅದು ಷರತ್ತುಗಳುಳ್ಳ ಕಾನೂನು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅನ್ವಯಿಸುತ್ತಿದ್ದದ್ದು 1907ರ ಹತ್ತನೆಯ ಹೇಗ್ ಒಪ್ಪಂದ. ಅದರ ಪ್ರಕಾರ ಸೇನೆಗೆ ಸೇರಿದ ಆಸ್ಪತ್ರೆ ಹಡಗಿನ ಹೊರಮೈಗೆ ಬಿಳಿ ಬಣ್ಣ ಬಳಿದು, ಸುಮಾರು ಒಂದೂವರೆ ಮೀಟರ್ ಅಗಲದ ಹಸಿರು ಪಟ್ಟಿಯನ್ನು ಅಡ್ಡಲಾಗಿ ಎಳೆಯಬೇಕಿತ್ತು. ಖಾಸಗಿಯವರೋ ನೆರವಿನ ಸಂಘಗಳೋ ಒದಗಿಸಿದ ಹಡಗಿಗಾದರೆ ಆ ಪಟ್ಟಿ ಕೆಂಪು. ಹಡಗಿನ ಹೆಸರನ್ನು ಬಳಕೆಗೆ ಮುನ್ನವೇ ಎದುರಾಳಿ ದೇಶಗಳಿಗೆ ತಿಳಿಸಬೇಕಿತ್ತು, ಅದನ್ನು ಯಾವ ಸೈನಿಕ ಉದ್ದೇಶಕ್ಕೂ ಬಳಸಕೂಡದಿತ್ತು, ಎದುರಾಳಿಗೆ ಅದನ್ನು ತಡೆದು ಪರಿಶೀಲಿಸುವ ಹಕ್ಕಿತ್ತು. 1949ರ ಎರಡನೆಯ ಜಿನೀವಾ ಒಪ್ಪಂದ ಇವನ್ನು ಬದಲಿಸಿತು: ಹೊರಮೈಯೆಲ್ಲ ಬಿಳಿ, ಮೇಲೆ ಗಾಢ ಕೆಂಪು ಶಿಲುಬೆಗಳು, ಬಳಕೆಗೆ ಹತ್ತು ದಿನ ಮುಂಚೆ ಸೂಚನೆ. ಆದ್ದರಿಂದ ಭಾವಚಿತ್ರವೊಂದರ ಕಾಲ ನಿರ್ಣಯಿಸುವಾಗ ಹಸಿರು ಪಟ್ಟಿ ಇದೆಯೇ ಎಂದು ನೋಡುವುದು ಉಪಯುಕ್ತ. ಕಪ್ಪು–ಬಿಳುಪು ಚಿತ್ರದಲ್ಲಿ ಅದು ಬರೀ ಗಾಢವಾದ ಪಟ್ಟಿಯಾಗಿ ಕಾಣುತ್ತದೆ.

ಸೂಚನೆ ಕೊಟ್ಟ ದಿನಾಂಕ, ರಾತ್ರಿ ದೀಪ ಉರಿಸಿ ಸಾಗಿತೇ ಆರಿಸಿ ಸಾಗಿತೇ ಎಂಬ ವಿವರ, ಹಡಗಿನಲ್ಲಿ ಇದ್ದವರು ಯಾರು ಎಂಬ ವಿವರ, ಈ ಮೂರನ್ನೂ ಪ್ರತ್ಯೇಕ ಕಲಮುಗಳಲ್ಲಿ ಬರೆದುಕೊಳ್ಳಬೇಕು. ಇದು ಎಷ್ಟು ಮುಖ್ಯವೆಂಬುದನ್ನು ಆಸ್ಟ್ರೇಲಿಯಾದ ‘ಸೆಂಟಾರ್’ ತೋರಿಸುತ್ತದೆ. ಆಸ್ಪತ್ರೆ ಹಡಗೆಂದು ಜಪಾನಿಗೆ ತಿಳಿಸಲಾಗಿದ್ದ, 47 ಎಂಬ ಗುರುತಿನ ಸಂಖ್ಯೆ ಹೊತ್ತು ದೀಪಗಳನ್ನು ಬೆಳಗಿಸಿಕೊಂಡು ಸಾಗುತ್ತಿದ್ದ ಆ ಹಡಗು 1943ರ ಮೇ 14ರಂದು ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆ ಟಾರ್ಪೆಡೊ ಏಟಿಗೆ ಮುಳುಗಿ, ಅದರಲ್ಲಿದ್ದ 332 ಜನರಲ್ಲಿ 268 ಮಂದಿ ಸತ್ತರು. ಅದರಲ್ಲಿದ್ದ ಆಂಬ್ಯುಲೆನ್ಸ್ ಚಾಲಕರು ತಮ್ಮ ರೈಫಲುಗಳನ್ನು ಹತ್ತಿಸಿದ್ದು ಹೊರಡುವ ಮುನ್ನವೇ ವಾದಕ್ಕೆ ಎಡೆಮಾಡಿತ್ತು, ಮತ್ತು ಇಂದಿಗೂ ಆ ವಾದ ಮುಗಿದಿಲ್ಲ. ಹಡಗಿನಲ್ಲಿದ್ದವರ ಮತ್ತು ಸರಕಿನ ವಿವರ ದಾಖಲೆಯಲ್ಲಿ ಸ್ಪಷ್ಟವಾಗಿ ಉಳಿದಿರದಿದ್ದರೆ ಅಂಥ ವಾದವನ್ನು ತೂಗಿನೋಡಲೂ ಸಾಧ್ಯವಾಗುತ್ತಿರಲಿಲ್ಲ.

ದಾಖಲೆಗಳು ಮತ್ತು ಅವನ್ನು ಓದುವ ಕ್ರಮ

ಅಮೆರಿಕದ ನೌಕಾ ಇತಿಹಾಸ ಇಲಾಖೆ ಸಿದ್ಧಪಡಿಸಿರುವ ಹಡಗುಗಳ ನಿಘಂಟಿನಲ್ಲಿ ಪ್ರತಿ ಹಡಗಿನ ಸಂಕ್ಷಿಪ್ತ ಚರಿತ್ರೆ ಸಿಗುತ್ತದೆ, ಮತ್ತು ಅದು ಅಂತರಜಾಲದಲ್ಲಿ ಉಚಿತ. ಆರಂಭಕ್ಕೆ ಅದು ಒಳ್ಳೆಯದು, ಆದರೆ ಅಲ್ಲಿಗೇ ನಿಲ್ಲಬಾರದು; ಅದು ಯಾರೋ ಮೂಲ ದಾಖಲೆಗಳನ್ನು ಓದಿ ಮಾಡಿದ ಸಾರಾಂಶ, ಮತ್ತು ಸಾರಾಂಶ ಮಾಡುವವರು ಸಾಮಾನ್ಯವಾಗಿ ಹಡಗಿನ ಓಡಾಟವನ್ನು ಉಳಿಸಿಕೊಂಡು ವಾರ್ಡಿನ ಕೆಲಸವನ್ನು ಕೈಬಿಡುತ್ತಾರೆ.

ಮೂಲ ದಾಖಲೆಗಳಲ್ಲಿ ಮುಖ್ಯವಾದವು ಡೆಕ್ ಲಾಗ್ ಮತ್ತು ಯುದ್ಧ ದಿನಚರಿ. ಇವು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಡೆಕ್ ಲಾಗುಗಳು ದಾಖಲೆ ಸಮೂಹ 24ರಲ್ಲಿ, ಎರಡನೆಯ ಮಹಾಯುದ್ಧದ ಯುದ್ಧ ದಿನಚರಿಗಳು ದಾಖಲೆ ಸಮೂಹ 38ರಲ್ಲಿ. ಯುದ್ಧ ದಿನಚರಿಗಳ ಬಹುಭಾಗ ಡಿಜಿಟಲ್ ರೂಪದಲ್ಲಿದ್ದು, ಪತ್ರಾಗಾರದ ಸೂಚಿಯಲ್ಲಿ ಹಡಗಿನ ಹೆಸರು, ತಿಂಗಳು ಮತ್ತು ವರ್ಷವನ್ನು ಕೊಟ್ಟು ಹುಡುಕಬಹುದು. ಡೆಕ್ ಲಾಗನ್ನು ಪಾಳಿಯ ಅಧಿಕಾರಿ ಪ್ರತಿ ಪಾಳಿಯ ಕೊನೆಯಲ್ಲಿ ತುಂಬುತ್ತಾನೆ. ಹಡಗಿನ ದಿಕ್ಕು, ವೇಗ, ಹವೆ, ಲಂಗರು ಹಾಕಿದ ಜಾಗ, ಪಕ್ಕಕ್ಕೆ ಬಂದು ನಿಂತ ದೋಣಿಗಳು, ಹಡಗಿನಲ್ಲಾದ ಸಾವು, ಸಮುದ್ರದಲ್ಲಿ ಮಾಡಿದ ಅಂತ್ಯಸಂಸ್ಕಾರ ಇವೆಲ್ಲ ಅಲ್ಲಿ ದಾಖಲಾಗುತ್ತವೆ. ಯುದ್ಧ ದಿನಚರಿ ಅದೇ ದಿನವನ್ನು ಇನ್ನಷ್ಟು ಬಿಡಿಸಿ, ಯಾರ ಆದೇಶದ ಮೇರೆಗೆ, ಯಾವ ಉದ್ದೇಶಕ್ಕೆ ಎಂದು ಹೇಳುತ್ತದೆ. ಎರಡೂ ಸಿಕ್ಕಾಗ ಸಮಯಕ್ಕೆ ಡೆಕ್ ಲಾಗನ್ನು, ಕಾರಣಕ್ಕೆ ಯುದ್ಧ ದಿನಚರಿಯನ್ನು ಆಧರಿಸುವುದು ನನ್ನ ರೂಢಿ.

ಸಿಬ್ಬಂದಿಯ ಪಟ್ಟಿಗಳಲ್ಲಿ ಒಂದು ದೊಡ್ಡ ಕಂದಕವಿದೆ. ಹಾಜರಿ ಪಟ್ಟಿಗಳು ನಾವಿಕರನ್ನೂ ಇತರ ಕೆಳದರ್ಜೆಯ ಸಿಬ್ಬಂದಿಯನ್ನೂ ಹೆಸರಿಸುತ್ತವೆ. ಅಧಿಕಾರಿಗಳನ್ನು ಬೇರೆಡೆ ಹುಡುಕಬೇಕು. ನೌಕಾ ನರ್ಸುಗಳಿಗಂತೂ 1942ರವರೆಗೆ ದರ್ಜೆಯೇ ಇರಲಿಲ್ಲ. ಆ ವರ್ಷ ಅಧಿಕಾರಿಗಳ ದರ್ಜೆಯನ್ನು ಹೋಲುವ ‘ಸಾಪೇಕ್ಷ ದರ್ಜೆ’ ಸಿಕ್ಕಿತು, ಶಾಶ್ವತ ಅಧಿಕಾರಿ ಪದವಿ 1947ರ ಕಾನೂನಿನಿಂದ ಬಂತು. ಹೀಗಾಗಿ 1941ರ ‘ಸೊಲೇಸ್’ ಹಡಗಿನ ಪಟ್ಟಿಯನ್ನಷ್ಟೇ ನೋಡಿದವರಿಗೆ ಅಲ್ಲಿ ಮಹಿಳೆಯರೇ ಇರಲಿಲ್ಲವೆನಿಸಬಹುದು. ವಾಸ್ತವದಲ್ಲಿ ಗ್ರೇಸ್ ಲ್ಯಾಲಿ ಅವರ ಮುಂದಾಳತ್ವದ ನರ್ಸುಗಳ ತಂಡ, ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ದಾಳಿ ಮಾಡಿದ ದಿನ, ಆ ಹಡಗಿನ ವಾರ್ಡುಗಳನ್ನು ನಡೆಸಿತು. ಅವರನ್ನು ನರ್ಸ್ ಪಡೆಯ ಕಡತಗಳಲ್ಲಿ ಮತ್ತು ಮೌಖಿಕ ಇತಿಹಾಸದ ಸಂಗ್ರಹಗಳಲ್ಲಿ ಹುಡುಕಿ, ಕಪ್ತಾನನ ಹೆಸರಿನಷ್ಟೇ ಎದ್ದುಕಾಣುವಂತೆ ಬರೆಯಿರಿ. ಇದನ್ನು ಬಿಟ್ಟ ಸೇವಾ ಇತಿಹಾಸವನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಗಡಿಯಾರ ಮತ್ತು ಪಂಚಾಂಗ

ಶಾಂತಸಾಗರದಲ್ಲಿ ಓಡಾಡಿದ ಹಡಗಿನ ಇತಿಹಾಸದಲ್ಲಿ ದಿನಾಂಕದ ಗೊಂದಲ ತಪ್ಪಿದ್ದಲ್ಲ. 1941ರಲ್ಲಿ ಹವಾಯಿಯ ಸಮಯ ಗ್ರೀನ್‌ವಿಚ್‌ಗಿಂತ ಹತ್ತೂವರೆ ಗಂಟೆ ಹಿಂದಿತ್ತು. ಈಗಿನಂತೆ ಹತ್ತು ಗಂಟೆಯಲ್ಲ. ಆದ್ದರಿಂದ ಡಿಸೆಂಬರ್ 7ರ ಬೆಳಿಗ್ಗೆ 7.55ಕ್ಕೆ ದಾಳಿ ಆರಂಭವಾದಾಗ ವಾಷಿಂಗ್ಟನ್‌ನಲ್ಲಿ ಮಧ್ಯಾಹ್ನ 1.25, ಟೋಕಿಯೊದಲ್ಲಿ ಡಿಸೆಂಬರ್ 8ರ ಬೆಳಗಿನ ಜಾವ 3.25. ಜಪಾನಿನ ದಾಖಲೆಗಳು ಅದೇ ದಾಳಿಯನ್ನು 8ನೆಯ ತಾರೀಖಿನದೆಂದು ಹೇಳುವುದು ಇದರಿಂದಲೇ. ಹಡಗು ದಿನಾಂಕ ರೇಖೆಯನ್ನು ದಾಟಿದ ಪ್ರತಿ ಸಲವೂ ಲಾಗಿನಲ್ಲಿ ಒಂದು ದಿನ ಇಲ್ಲವಾಗಿರುತ್ತದೆ, ಇಲ್ಲವೇ ಎರಡು ಸಲ ಬಂದಿರುತ್ತದೆ. ಆ ಜಾಗಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ, ಲಾಗಿನ ತಲೆಬರಹದಲ್ಲಿರುವ ಕಾಲವಲಯದ ಸಂಖ್ಯೆಯನ್ನು ಪ್ರತಿ ನಮೂದಿನೊಡನೆ ಬರೆದುಕೊಳ್ಳಿ, ಮತ್ತು ಎಲ್ಲ ಸಮಯವನ್ನೂ ಸ್ಥಳೀಯವಾಗಿಯೇ ಇಟ್ಟುಕೊಳ್ಳಿ.

ಒಂದು ದಿನವನ್ನು ಬಿಡಿಸಿ ಬರೆಯುವುದು

ಪ್ರತಿ ಹಡಗಿನ ಸೇವೆಯಲ್ಲೂ ಗಂಟೆ ಗಂಟೆಯ ಲೆಕ್ಕಕ್ಕೆ ಅರ್ಹವಾದ ಕೆಲವು ದಿನಗಳಿರುತ್ತವೆ. ‘ಸೊಲೇಸ್’ ಹಡಗಿಗೆ ಅಂಥ ಮೊದಲ ದಿನ 1941ರ ಡಿಸೆಂಬರ್ 7. ಅಂದು ಪರ್ಲ್ ಹಾರ್ಬರಿನಲ್ಲಿ ಇದ್ದ ಆಸ್ಪತ್ರೆ ಹಡಗು ಅದೊಂದೇ. ದಾಳಿ ಆರಂಭವಾಗುತ್ತಿದ್ದಂತೆ ಅದರ ಮೋಟಾರು ದೋಣಿಗಳು ಸ್ಟ್ರೆಚರ್ ಹೊರುವವರನ್ನು ಹತ್ತಿಸಿಕೊಂಡು ಹೊತ್ತಿ ಉರಿಯುತ್ತಿದ್ದ ‘ಅರಿಜೋನಾ’ ಯುದ್ಧನೌಕೆಯ ಬಳಿಗೆ ಹೋದವು, ನೀರಿನ ಮೇಲೆ ಎಣ್ಣೆ ಉರಿಯುತ್ತಿದ್ದರೂ ಅದರ ನಡುವಿನಿಂದ ಜನರನ್ನು ಎತ್ತಿದವು, ಹಲವು ಸಲ ಹೋಗಿಬಂದ ಬಳಿಕ ‘ವೆಸ್ಟ್ ವರ್ಜೀನಿಯಾ’ ಮತ್ತು ‘ಓಕ್ಲಹೋಮಾ’ ಹಡಗುಗಳ ನೆರವಿಗೆ ತಿರುಗಿದವು. ಈ ಕೆಲಸಕ್ಕಾಗಿ ಹಡಗಿಗೆ ನೌಕಾಪಡೆಯ ಘಟಕ ಪ್ರಶಂಸೆ ದೊರೆಯಿತು.

ಇಂಥ ದಿನವನ್ನು ಬರೆಯುವಾಗ ಕಪ್ತಾನನ ಕಾರ್ಯಾಚರಣೆ ವರದಿಯನ್ನು ನಡುವಿನಲ್ಲಿಟ್ಟು, ಪಕ್ಕದ ಹಡಗುಗಳ ವರದಿಗಳಿಂದ ಅದನ್ನು ಸರಿನೋಡಬೇಕು. ‘ಅರಿಜೋನಾ’ದಿಂದ ಬದುಕಿ ಬಂದವರ ಹೇಳಿಕೆಗಳು ದೋಣಿಗಳ ಕೆಲಸವನ್ನು ಇನ್ನೊಂದು ಬದಿಯಿಂದ ತೋರಿಸುತ್ತವೆ. ಇದಲ್ಲದೆ ‘ಅರಿಜೋನಾ’ ಸ್ಫೋಟಗೊಂಡ ಕ್ಷಣದ ಪ್ರಸಿದ್ಧ ಬಣ್ಣದ ಚಲನಚಿತ್ರ ತುಣುಕನ್ನು ತೆಗೆದದ್ದು ‘ಸೊಲೇಸ್’ ಹಡಗಿನ ಮೇಲಿದ್ದ ವೈದ್ಯರೊಬ್ಬರು. ಆ ತುಣುಕನ್ನು ಬಹುಮಂದಿ ‘ಅರಿಜೋನಾ’ದ ಸಾಕ್ಷ್ಯವೆಂದಷ್ಟೇ ನೋಡುತ್ತಾರೆ, ಅದು ‘ಸೊಲೇಸ್’ ಎಲ್ಲಿ, ಎಷ್ಟು ಹತ್ತಿರದಲ್ಲಿ ನಿಂತಿತ್ತೆಂಬುದರ ಸಾಕ್ಷ್ಯವೂ ಹೌದು. ಚಿತ್ರದಲ್ಲಿ ಏನಿದೆ ಎಂದು ಕೇಳಿದಂತೆಯೇ ಚಿತ್ರ ತೆಗೆದವರು ಎಲ್ಲಿ ನಿಂತಿದ್ದರು ಎಂದೂ ಕೇಳಬೇಕು.

ನಿಂತ ಹಡಗು, ಓಡುವ ಹಡಗು

ಆಸ್ಪತ್ರೆ ಹಡಗು ಎರಡು ರೀತಿಯಲ್ಲಿ ದುಡಿಯುತ್ತದೆ. ಒಂದೆಡೆ ತಿಂಗಳುಗಟ್ಟಲೆ ಲಂಗರು ಹಾಕಿ ನೆಲೆಯ ಆಸ್ಪತ್ರೆಯಾಗಿರುವುದು ಒಂದು ರೀತಿ. ಮುಂಚೂಣಿಯಿಂದ ಗಾಯಾಳುಗಳನ್ನು ಹತ್ತಿಸಿಕೊಂಡು ಹಿಂದಿನ ನೆಲೆಗಳಿಗೆ ಸಾಗಿಸುವ ಆಂಬ್ಯುಲೆನ್ಸ್ ಹಡಗಾಗಿರುವುದು ಇನ್ನೊಂದು. ಕಾಲಾನುಕ್ರಮಣಿಕೆಯಲ್ಲಿ ಈ ಎರಡಕ್ಕೂ ಬೇರೆ ಗುರುತು ಹಾಕಿ. ‘ಸೊಲೇಸ್’ 1942ರ ಏಪ್ರಿಲ್ 15ರಂದು ಟೋಂಗಾ ದ್ವೀಪಗಳನ್ನು ತಲುಪಿ ಆಗಸ್ಟ್ 4ರವರೆಗೆ ಅಲ್ಲೇ ಇತ್ತು. ಅನಂತರ ನ್ಯೂ ಕ್ಯಾಲೆಡೋನಿಯಾದ ನೂಮಿಯಾದಲ್ಲಿ ಹಲವು ತಿಂಗಳು ನೆಲೆಯ ಆಸ್ಪತ್ರೆಯಾಯಿತು. ಬೇಗ ಗುಣವಾಗಿ ಕೆಲಸಕ್ಕೆ ಮರಳಬಲ್ಲವರನ್ನು ಹಡಗಿನಲ್ಲೇ ಉಳಿಸಿಕೊಂಡು, ದೀರ್ಘ ಚಿಕಿತ್ಸೆ ಬೇಕಾದವರನ್ನು ಹಿಂದಿನ ಆಸ್ಪತ್ರೆಗಳಿಗೆ ಕಳುಹಿಸುವ ಕ್ರಮ ಅಲ್ಲಿತ್ತು. ಓದುಗರಿಗೆ ಈ ತಿಂಗಳುಗಳು ಬರಡೆನಿಸುತ್ತವೆ, ಬರೆಯುವವರೂ ಅವನ್ನು ಹಾರಿಸುತ್ತಾರೆ. ಆದರೆ ದಂಡು ದುಡಿಯುವ ಸ್ಥಿತಿಯಲ್ಲಿ ಉಳಿಯುವುದು ಇಂಥ ತಿಂಗಳುಗಳಲ್ಲಿ ನಡೆಯುವ ಚಿಕಿತ್ಸೆಯಿಂದ. ಅಲ್ಲಿಯ ರೋಗಗಳ ಪಟ್ಟಿಯನ್ನು ಹುಡುಕಿ ತೆಗೆಯಿರಿ. ದಕ್ಷಿಣ ಶಾಂತಸಾಗರದಲ್ಲಿ ಗುಂಡೇಟಿನ ಜೊತೆಗೆ ಮಲೇರಿಯಾ ಕೂಡ ದಂಡನ್ನು ಮಲಗಿಸುತ್ತಿತ್ತು.

1943ರ ನವೆಂಬರಿನಿಂದ ಚಿತ್ರ ಬದಲಾಗುತ್ತದೆ. ಗಿಲ್ಬರ್ಟ್ ದ್ವೀಪಗಳಲ್ಲಿ ನವೆಂಬರ್ 24ರಂದು ಅಬೆಮಾಮಾ ತಲುಪಿದ ‘ಸೊಲೇಸ್’ ಅಲ್ಲಿಯ ಮತ್ತು ತರಾವಾದ ಗಾಯಾಳುಗಳನ್ನು ಪರ್ಲ್ ಹಾರ್ಬರಿಗೆ ಸಾಗಿಸಿತು. 1944ರಲ್ಲಿ ಮಾರ್ಷಲ್ ದ್ವೀಪಗಳು, ಸೈಪಾನ್, ಗುವಾಮ್, ಪೆಲೆಲ್ಯೂ; 1945ರಲ್ಲಿ ಇವೊ ಜಿಮಾ ಮತ್ತು ಒಕಿನಾವಾ. ಇಲ್ಲಿ ನಕ್ಷೆ ಮತ್ತು ಗಣಿತ ಎರಡೂ ಬೇಕು. ಫೆಬ್ರುವರಿ 23ರಂದು ಇವೊ ಜಿಮಾ ತಲುಪಿದ ಹಡಗು, ಶೆಲ್ಲುಗಳು ಹತ್ತಿರದಲ್ಲೇ ಬೀಳತೊಡಗಿದಾಗ ತೀರದಿಂದ ಇನ್ನಷ್ಟು ದೂರ ಸರಿಯಬೇಕಾಯಿತು. ಅಲ್ಲಿಂದ ಗುವಾಮ್ ಮತ್ತು ಸೈಪಾನಿಗೆ ಮೂರು ಸಲ ಹೋಗಿ, ಒಟ್ಟು 2,000ಕ್ಕೆ ಹತ್ತಿರದಷ್ಟು ಗಾಯಾಳುಗಳನ್ನು ಸಾಗಿಸಿತು. ಇವೊ ಜಿಮಾದಿಂದ ಸೈಪಾನಿಗೆ ಸುಮಾರು 625 ನಾಟಿಕಲ್ ಮೈಲಿ. 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ವೇಗ ಹಿಡಿದರೆ 42 ಗಂಟೆಗಳಷ್ಟು ಪ್ರಯಾಣ. ಅಂದರೆ ಹೊಟ್ಟೆಗೆ ಅಥವಾ ಎದೆಗೆ ಪೆಟ್ಟು ಬಿದ್ದವರಿಗೆ ಸೈಪಾನ್ ತುಂಬ ದೂರ. ಅವರ ಶಸ್ತ್ರಚಿಕಿತ್ಸೆ ಹಡಗಿನಲ್ಲೇ, ಹಡಗು ಓಡುತ್ತಿರುವಾಗಲೇ ನಡೆಯಬೇಕು. ‘ಸೈಪಾನಿಗೆ ಹೊರಟಿತು’ ಎಂಬ ಒಂದು ಸಾಲಿನ ನಮೂದಿನೊಳಗೆ ಎರಡು ರಾತ್ರಿಗಳ ಈ ಕೆಲಸ ಅಡಗಿದೆಯೆಂಬುದನ್ನು ಲೆಕ್ಕ ಹಾಕಿದವರಷ್ಟೇ ಕಾಣಬಲ್ಲರು.

ರೋಗಿಗಳ ಸಂಖ್ಯೆಯನ್ನು ಬಳಸುವಾಗ ಎಚ್ಚರ ಬೇಕು. ದಾಖಲಾದವರು, ಸಾಗಿಸಲ್ಪಟ್ಟವರು, ಹಡಗಿನಲ್ಲಿ ತೀರಿಕೊಂಡವರು, ಹೊರರೋಗಿಗಳಾಗಿ ಬಂದುಹೋದವರು ಎಂಬ ನಾಲ್ಕು ಎಣಿಕೆಗಳು ಬೇರೆ ಬೇರೆ. ಒಬ್ಬನೇ ಗಾಯಾಳು ಸಾಗಾಟದ ಹಡಗಿನ ಪಟ್ಟಿಯಲ್ಲೂ ಆಸ್ಪತ್ರೆ ಹಡಗಿನ ಪಟ್ಟಿಯಲ್ಲೂ ನೆಲೆಯ ಆಸ್ಪತ್ರೆಯ ಪಟ್ಟಿಯಲ್ಲೂ ಸೇರಿರಬಹುದು, ಆದ್ದರಿಂದ ಮೂರನ್ನೂ ಕೂಡಿಸಬಾರದು. ಹಾಗೆಯೇ ಹಾಸಿಗೆಗಳ ಸಂಖ್ಯೆ ಹಡಗಿನ ಸಾಮರ್ಥ್ಯವನ್ನು ಹೇಳುತ್ತದೆಯೇ ಹೊರತು ಅದು ನಿಜವಾಗಿ ಹೊತ್ತ ಭಾರವನ್ನಲ್ಲ.

ಯಾರ ಹಡಗು, ಯಾರ ವೈದ್ಯರು?

ಎಎಚ್ ಸಂಖ್ಯೆಯಿದ್ದ ಮಾತ್ರಕ್ಕೆ ವೈದ್ಯರೂ ನೌಕಾಪಡೆಯವರೇ ಎಂದು ತಿಳಿಯಬಾರದು. ‘ಕಂಫರ್ಟ್’, ‘ಹೋಪ್’, ‘ಮರ್ಸಿ’ ಎಂಬ ಎಎಚ್-6, 7 ಮತ್ತು 8 ಹಡಗುಗಳನ್ನು ನೌಕಾಪಡೆಯ ನಾವಿಕರು ನಡೆಸುತ್ತಿದ್ದರು, ಆದರೆ ವೈದ್ಯರೂ ನರ್ಸುಗಳೂ ಭೂಸೇನೆಯವರು. 1945ರ ಏಪ್ರಿಲ್ 28ರ ರಾತ್ರಿ ಒಕಿನಾವಾದಿಂದ ಗಾಯಾಳುಗಳೊಡನೆ ಪೂರ್ಣ ಬೆಳಕಿನಲ್ಲಿ ಸಾಗುತ್ತಿದ್ದ ‘ಕಂಫರ್ಟ್’ ಹಡಗಿಗೆ ಜಪಾನಿನ ಆತ್ಮಾಹುತಿ ವಿಮಾನವೊಂದು ಬಡಿದು ಶಸ್ತ್ರಚಿಕಿತ್ಸೆಯ ವಿಭಾಗವನ್ನೇ ಸೀಳಿತು; ಸತ್ತವರಲ್ಲಿ ಆರು ಮಂದಿ ಭೂಸೇನೆಯ ನರ್ಸುಗಳು. ನೌಕಾಪಡೆಯ ಕಡತಗಳನ್ನಷ್ಟೇ ನೋಡಿದವರಿಗೆ ಆ ನರ್ಸುಗಳ ಸೇವಾ ವಿವರ ಸಿಗುವುದಿಲ್ಲ.

ಸೇವೆ ಮುಗಿದ ಬಳಿಕ

ಕೊನೆಯ ಹಂತದ ದಿನಾಂಕಗಳನ್ನು ಬೇಗ ದಾಖಲಿಸಿ ಮುಗಿಸಬಹುದು. ‘ಸೊಲೇಸ್’ 1946ರ ಮಾರ್ಚ್ 27ರಂದು ನಾರ್ಫೋಕ್‌ನಲ್ಲಿ ಸೇವೆಯಿಂದ ನಿವೃತ್ತವಾಯಿತು, ಅದೇ ವರ್ಷ ಮೇ 21ರಂದು ನೌಕಾಪಡೆಯ ಪಟ್ಟಿಯಿಂದ ಅದರ ಹೆಸರು ಹೋಯಿತು. ಅದಕ್ಕೆ ಏಳು ಕದನ ತಾರೆಗಳು (ಯುದ್ಧ ಕಾರ್ಯಾಚರಣೆಗಳಲ್ಲಿ ಸೇವೆ ಸಲ್ಲಿಸಿದ್ದಕ್ಕೆ ಕೊಡುವ ಗೌರವ) ಸಂದಿದ್ದವು. 1948ರಲ್ಲಿ ಟರ್ಕಿಗೆ ಮಾರಾಟವಾಗಿ ‘ಅಂಕಾರಾ’ ಎಂಬ ಪ್ರಯಾಣಿಕರ ಹಡಗಾಗಿ ಮತ್ತೆ ಓಡಿ, 1981ರಲ್ಲಿ ಅಲಿಯಾಗಾದ ಗುಜರಿ ಕಟ್ಟೆಯಲ್ಲಿ ಒಡೆಯಲ್ಪಟ್ಟಿತು. ಆಸ್ಪತ್ರೆ ಹಡಗಾಗಿ ಐದು ವರ್ಷವೂ ತುಂಬದ ಅದು ‘ಅಂಕಾರಾ’ ಎಂಬ ಹೆಸರಿನಲ್ಲಿ ಅದರ ಎಷ್ಟೋ ಪಟ್ಟು ಕಾಲ ಬದುಕಿತು. ಟರ್ಕಿಯ ಪ್ರವಾಸಿಗರು ತೆಗೆದ ಒಳಾಂಗಣದ ಚಿತ್ರಗಳು ಸಿಕ್ಕರೆ, ಪರಿವರ್ತನೆಯ ಗುರುತುಗಳಿಗಾಗಿ ಅವನ್ನೂ ನೋಡಬೇಕು.

ರೋಗಿಗಳ ಹೆಸರುಗಳು

ಹಡಗಿನಲ್ಲಿ ಚಿಕಿತ್ಸೆ ಪಡೆದ ಒಬ್ಬ ವ್ಯಕ್ತಿಯನ್ನು ಹುಡುಕುವುದು ಬೇರೆಯೇ ಕೆಲಸ. ಅಮೆರಿಕದಲ್ಲಿ ಸೈನಿಕರ ವೈಯಕ್ತಿಕ ಕಡತಗಳು ಸೇವೆಯಿಂದ ಹೊರಬಂದ 62 ವರ್ಷಗಳ ಬಳಿಕ ಸಾರ್ವಜನಿಕರಿಗೆ ತೆರೆಯುತ್ತವೆ. ಅವು ಸೇಂಟ್ ಲೂಯಿಸ್‌ನಲ್ಲಿವೆ. 1973ರ ಜುಲೈ 12ರಂದು ಅಲ್ಲಿ ಹೊತ್ತಿದ ಬೆಂಕಿಯಲ್ಲಿ, 1912ರ ನವೆಂಬರಿನಿಂದ 1959ರ ಕೊನೆಯವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು 80 ಪ್ರತಿಶತ ನಾಶವಾದವು. ನೌಕಾಪಡೆಯ ಮತ್ತು ಮೆರೀನ್ ಪಡೆಯ ಕಡತಗಳು ಉಳಿದುಕೊಂಡವು. ಆದ್ದರಿಂದ ‘ಸೊಲೇಸ್’ ಸಾಗಿಸಿದ ಮೆರೀನ್ ಒಬ್ಬನ ಗಾಯದ ವಿವರ ಅವನ ಕಡತದಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಅದೇ ವಾರ್ಡಿನಲ್ಲಿ ಮಲಗಿದ್ದ ಭೂಸೇನೆಯವನ ವಿಷಯದಲ್ಲಿ ಅವನ ಘಟಕದ ದೈನಂದಿನ ಹಾಜರಿ ವರದಿಯನ್ನೂ ಹಡಗಿನ ದಿನಚರಿಯನ್ನೂ ಎದುರುಬದುರಾಗಿಟ್ಟು, ಅವನು ಘಟಕವನ್ನು ಬಿಟ್ಟ ದಿನಕ್ಕೂ ಹಡಗು ಗಾಯಾಳುಗಳನ್ನು ಹತ್ತಿಸಿಕೊಂಡ ದಿನಕ್ಕೂ ತಾಳೆಯಿದೆಯೇ ಎಂದು ನೋಡಬೇಕಾಗುತ್ತದೆ. ತಾಳೆ ಸಿಕ್ಕರೂ ಅದನ್ನು ‘ಸಂಭವನೀಯ’ ಎಂದೇ ಬರೆಯಿರಿ. ಅವರ ಕುಟುಂಬದವರು ಬದುಕಿದ್ದರೆ, ಗಾಯದ ಸ್ವರೂಪವನ್ನು ಪ್ರಕಟಿಸುವ ಮುನ್ನ ಅವರ ಒಪ್ಪಿಗೆ ಕೇಳಿ.